ಪೆಟ್ಟಿಗೆ ಮೇಲೆ ಮೂರು ಮಹಡಿ, ನಮ್ಮ ಮನೆಯಲ್ಲಿ ಎರಡೇ

ಮೊದಲೇ ಹೇಳಿಬಿಡುತ್ತೇನೆ. ಗಿನಿ ಪಿಗ್‌ಗೆ ಗೂಡು ಕಟ್ಟಲು ತಂದ ಈ ಕಿಟ್‌ನ ಜಾಲರಿ ಪ್ಯಾನೆಲ್‌ಗಳು ಗೂಡಿನ ಗೋಡೆಗೆ ಹೇಳಿ ಮಾಡಿಸಿದಂತಿವೆ. ನೆಲಕ್ಕಲ್ಲ. ಪೆಟ್ಟಿಗೆ ಮೇಲಿನ ಚಿತ್ರ ನಂಬಿ ಹಾಗೇ ಕಟ್ಟಿದರೆ ಕೆಡುತ್ತೀರಿ. ನಾನು ಕೆಟ್ಟೆ. ಆಮೇಲೆ ಅದೇ ಪ್ಯಾನೆಲ್‌ಗಳನ್ನು ಬಿಚ್ಚಿ ಬೇರೆ ಥರ ಕಟ್ಟಿಕೊಂಡೆ. 14 ತಿಂಗಳಿಂದ ನಮ್ಮ ನಾಲ್ಕು ಗಿನಿ ಪಿಗ್‌ಗಳು ಅದರಲ್ಲೇ ಇವೆ. ಹಾಗಾಗಿ ಗೋಡೆಗೆ ಐದಕ್ಕೆ ನಾಲ್ಕು ಅಂಕ, ನೆಲಕ್ಕೆ ಐದಕ್ಕೆ ಒಂದು. ಆ ಒಂದು ಕೂಡ ಮನಸ್ಸು ದೊಡ್ಡದು ಮಾಡಿ ಕೊಟ್ಟಿದ್ದು.

ಎರಡು ಗೂಡು ಯಾಕೆ ಬೇಕಾಯ್ತು ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗಲ್ಲ. ಅಕ್ಕ-ತಂಗಿ ಅಂತ ಹೇಳಿ ನಮಗೆ ಎರಡು ಗಿನಿ ಪಿಗ್ ಕೊಟ್ಟಿದ್ದರು. ಒಂದು ಚುಕ್ಕಿ, ಇನ್ನೊಂದು ಗುಂಡಿ. ಚುಕ್ಕಿಯ ಹೊಟ್ಟೆ ಎರಡೂ ಕಡೆ ಉಬ್ಬಿಕೊಂಡಾಗ ಜಾಸ್ತಿ ತಿಂದಿದೆ ಅಂದುಕೊಂಡೆ. ಡಾಕ್ಟರು ಎರಡನ್ನೂ ತಿರುಗಿಸಿ ನೋಡಿ ನಕ್ಕರು. "ಇವು ಅಕ್ಕ-ತಂಗಿ ಅಲ್ಲಮ್ಮ, ಗಂಡ-ಹೆಂಡ್ತಿ." ಗುಂಡಿ ಅವತ್ತೇ ಗುಂಡ ಆದ. ಡಾಕ್ಟರು ಇನ್ನೊಂದು ಮಾತು ಹೇಳಿದರು. ಹೆರಿಗೆಯಾದ ಕೆಲವೇ ಗಂಟೆಯಲ್ಲಿ ತಾಯಿ ಮತ್ತೆ ಗಬ್ಬವಾಗಬಹುದು, ಅಷ್ಟರೊಳಗೆ ಗಂಡನ್ನು ಬೇರೆ ಮಾಡಿ ಅಂದರು. ಇನ್ನು ಮೂರು ವಾರ ಇರಬಹುದು ಅಂತ ಅವರ ಅಂದಾಜು. ಗಿನಿ ಪಿಗ್‌ಗಳ ಬಸಿರು 59ರಿಂದ 72 ದಿನ.

ಬೇರೆ ಮಾಡಿ ಅನ್ನುವುದು ಸುಲಭ. ಎಲ್ಲಿಡೋದು? ನಮಗಿದ್ದದ್ದು ಕಿಟಕಿ ಪಕ್ಕದ ಐದಡಿ ಗೋಡೆ, ಅಷ್ಟೇ. ಪಕ್ಕಕ್ಕೆ ಜಾಗ ಇಲ್ಲದವರು ಮೇಲಕ್ಕೆ ಕಟ್ಟಬೇಕು ಅಲ್ವಾ? ಹಾಗೆ ಬಂತು ಈ ಕಿಟ್. 36 ಪ್ಯಾನೆಲ್, ಒಂದೊಂದೂ 14 ಇಂಚು ಚೌಕ. ಜೋಡಿಸಲು ಕಪ್ಪು ಪ್ಲಾಸ್ಟಿಕ್ ಕನೆಕ್ಟರ್‌ಗಳು, ಒಂದು ರಬ್ಬರ್ ಸುತ್ತಿಗೆ, ಒಂದು ಮಡಿಚುವ ಏಣಿ, ಹಾಸಲು ತೆಳ್ಳಗಿನ ಮ್ಯಾಟ್. ಪೆಟ್ಟಿಗೆ ಮೇಲೆ ಮೂರು ಮಹಡಿಯ ಬಂಗಲೆ.

ಆ ಬಂಗಲೆಯ ಲೆಕ್ಕ ನೋಡಿ. ಉದ್ದಕ್ಕೆ ಎರಡು ಪ್ಯಾನೆಲ್, ಅಗಲಕ್ಕೆ ಎರಡು. ಒಂದು ಮಹಡಿಗೆ ಎಂಟು ಗೋಡೆ, ನಾಲ್ಕು ನೆಲ. ಮೂರು ಮಹಡಿಗೆ ಸರಿಯಾಗಿ 36. ಒಂದು ಮಹಡಿಯ ನೆಲ 28 ಇಂಚಿಗೆ 28, ಅಂದರೆ ಐದೂವರೆ ಚದರ ಅಡಿಗೆ ಸ್ವಲ್ಪ ಕಡಿಮೆ. ಮೂರನ್ನೂ ಕೂಡಿ 16 ಚದರ ಅಡಿ ಅಂತ ದೊಡ್ಡಕ್ಷರದಲ್ಲಿ ಹಾಕಿಕೊಂಡಿದ್ದಾರೆ. ಗಿನಿ ಪಿಗ್‌ಗೆ ಈ ಕೂಡುವ ಲೆಕ್ಕ ನಡೆಯಲ್ಲ. ಅದು ಅಳಿಲಲ್ಲ, ಹತ್ತುವ ಪ್ರಾಣಿ ಅಲ್ಲ. ನೆಲದ ಮೇಲೆ ಒಂದೇ ಸಮ ಓಡಬೇಕು. ಎರಡು ಗಿನಿ ಪಿಗ್‌ಗೆ ಒಂದೇ ಮಟ್ಟದಲ್ಲಿ ಕಡಿಮೆಯೆಂದರೂ ಏಳೂವರೆ ಚದರ ಅಡಿ ಬೇಕು, ಹತ್ತೂವರೆ ಇದ್ದರೆ ಒಳ್ಳೆಯದು ಅಂತ ಸಾಕುವವರು ಸಾಮಾನ್ಯವಾಗಿ ಇಟ್ಟುಕೊಂಡಿರುವ ಅಳತೆ. ಮೂರು ಸಣ್ಣ ಕೋಣೆ ಸೇರಿದರೆ ಒಂದು ಅಂಗಳ ಆಗುತ್ತಾ?

ಏಣಿಯದ್ದು ಇನ್ನೊಂದು ಕಥೆ. ಮಹಡಿಯ ಎತ್ತರ 14 ಇಂಚು, ಏಣಿಯ ಉದ್ದ 20 ಇಂಚು. ಇಟ್ಟರೆ ಹೆಚ್ಚುಕಡಿಮೆ 45 ಡಿಗ್ರಿ. ಗಿನಿ ಪಿಗ್‌ಗೆ 30 ಡಿಗ್ರಿಗಿಂತ ಕಡಿದಾಗಿರಬಾರದು ಅನ್ನುತ್ತಾರೆ. ಅಷ್ಟು ಓರೆ ಬರಬೇಕಾದರೆ ಏಣಿ 28 ಇಂಚು ಉದ್ದ ಇರಬೇಕು, ಅಂದರೆ ಈ ಗೂಡಿನ ಒಂದು ಪಕ್ಕವನ್ನೇ ಅದು ನುಂಗಿಹಾಕುತ್ತದೆ. ನನಗಂತೂ ಏಣಿ ಬೇಕಿರಲಿಲ್ಲ. ಬೇರೆ ಮಾಡಬೇಕಿದ್ದ ಗಂಡ-ಹೆಂಡಿರಿಗೆ ಏಣಿ ಹಾಕಿಕೊಟ್ಟರೆ ಮುಗೀತು ಕಥೆ. ಅದನ್ನು ಮಗಳು ತನ್ನ ಗೊಂಬೆಗಳಿಗೆ ಒಯ್ದಳು.

ಅವಸರದಲ್ಲಿದ್ದೆ, ಚಿತ್ರದಂತೆಯೇ ಕಟ್ಟಿದೆ. ಕೆಳಗೆ ಚುಕ್ಕಿ, ನಡುವಿನ ಮಹಡಿಯಲ್ಲಿ ಗುಂಡ, ಮೇಲಿನದು ಖಾಲಿ. ಜೋಡಿಸಲು ಎರಡು ಗಂಟೆ ಹಿಡಿಯಿತು. ಕನೆಕ್ಟರ್ ಒಳಗೆ ತಂತಿ ಪೂರ್ತಿ ಕೂರಬೇಕಾದರೆ ಸುತ್ತಿಗೆಯಿಂದ ತಟ್ಟಲೇಬೇಕು. ಕೈಯಲ್ಲಿ ಒತ್ತಿದರೆ ಕೂತಂತೆ ಕಾಣುತ್ತದೆ, ಕೂತಿರಲ್ಲ. ಮೂರು ಪ್ಯಾನೆಲ್‌ಗಳಲ್ಲಿ ಬೆಸುಗೆಯ ತುದಿ ಮುಳ್ಳಿನಂತೆ ಹೊರಗೆ ಬಂದಿತ್ತು. ಅರದಿಂದ ಉಜ್ಜಿ ಸರಿ ಮಾಡಿದೆ. ನೀವು ತೆಗೆದುಕೊಂಡರೆ ಜೋಡಿಸುವ ಮೊದಲು ಪ್ರತಿ ಪ್ಯಾನೆಲ್ ಮೇಲೂ ಒಂದು ಹಳೇ ಸಾಕ್ಸ್ ಆಡಿಸಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ.

ತೊಂದರೆ ಇದ್ದದ್ದು ನಡುವಿನ ನೆಲದಲ್ಲಿ. ನಾಲ್ಕು ಪ್ಯಾನೆಲ್ ಸೇರುವ ನಟ್ಟನಡುವೆ ಒಂದು ಕನೆಕ್ಟರ್ ಇದೆ. ಅದರ ಕೆಳಗೆ ಯಾವ ಆಸರೆಯೂ ಇಲ್ಲ. ಎರಡನೇ ದಿನ ಸ್ಕೇಲ್ ಇಟ್ಟು ನೋಡಿದೆ, ನೆಲ ಒಂದು ಇಂಚು ಜೋತಿತ್ತು. ಐದನೇ ದಿನ ಎರಡು ಇಂಚು. ಗುಂಡ ಒಂದು ಕೆಜಿಯೂ ಇಲ್ಲ. ಆದರೆ ಭಾರ ಅವನೊಬ್ಬನದೇ ಅಲ್ಲವಲ್ಲ. ನೀರಿನ ಬಾಟಲಿ, ಒಣಹುಲ್ಲು, ಅಡಗಿಕೊಳ್ಳುವ ಮರದ ಮನೆ, ಒದ್ದೆಯಾದ ಹಾಸು. ಗುಡಿಸುವಾಗ ನಾನು ಊರುವ ಕೈಯ ಭಾರ ಬೇರೆ. ಕೇಬಲ್ ಟೈ ಹಾಕಬೇಕು ಅಂದುಕೊಳ್ಳುತ್ತಲೇ ಇದ್ದೆ.

ಆರನೇ ರಾತ್ರಿ ಎರಡು ಗಂಟೆಗೆ ಟಪ್ ಅಂತ ಶಬ್ದ. ಓಡಿ ಹೋಗಿ ದೀಪ ಹಾಕಿದರೆ ನಡುವಿನ ನೆಲ ಮೊರದಂತೆ ಓರೆಯಾಗಿ ಕೆಳಗೆ ಬಾಗಿತ್ತು. ಗುಂಡ, ಅವನ ಮನೆ, ಹುಲ್ಲು ಎಲ್ಲ ಜಾರಿ ಮೂಲೆಗೆ ಬಂದು ನಿಂತಿದ್ದವು. ಗುಂಡ ಮನೆಯ ಬಾಗಿಲಿಂದ ಮೂತಿ ಹೊರಗಿಟ್ಟು ಸುಮ್ನೆ ನೋಡುತ್ತಿದ್ದ. ಅದರ ಕೆಳಗೆ ತುಂಬು ಬಸುರಿ ಚುಕ್ಕಿ ಎದುರು ಮೂಲೆಯಲ್ಲಿ ಕಲ್ಲಿನಂತೆ ಕೂತಿತ್ತು. ಯಾರಿಗೂ ಏನೂ ಆಗಲಿಲ್ಲ. ನನ್ನ ಕೈ ಮಾತ್ರ ಅರ್ಧ ಗಂಟೆ ನಡುಗಿತು. ಒಂದು ಅಡಿ ಎತ್ತರದಿಂದ ಬಿದ್ದರೂ ಇವುಗಳ ಕಾಲು ಮುರಿಯಬಹುದು ಅಂತ ಗೊತ್ತಿದ್ದೂ ಆ ನೆಲದ ಮೇಲೆ ಬಿಟ್ಟಿದ್ದೆನಲ್ಲ ಅಂತ.

ಮಾರಿದವರಿಗೆ ಫೋಟೋ ಸಮೇತ ಬರೆದೆ. ಹತ್ತು ಹೊಸ ಕನೆಕ್ಟರ್ ಕಳಿಸಿದರು, ಜೊತೆಗೆ ಒಂದು ಸಾಲು: "ಇನ್ನೂ ಗಟ್ಟಿಯಾಗಿ ಒತ್ತಿ." ಅಲ್ಲ, ನಡುವೆ ಕಂಬವೇ ಇಲ್ಲದ ಮಾಡಿಗೆ ಮೊಳೆ ಗಟ್ಟಿಯಾಗಿ ಹೊಡೆಯಿರಿ ಅಂದಂತೆ ಇದು.

ಹತ್ತು ದಿನ ಎರಡು ಗೂಡೂ ನೆಲದ ಮೇಲೇ ಇದ್ದವು. ನಾವು ಗೋಡೆಗೆ ಬೆನ್ನು ಹಚ್ಚಿಕೊಂಡು ಓಡಾಡಿದೆವು. ಅಷ್ಟರಲ್ಲಿ ಒಂದು ವಿಷಯ ತಲೆಗೆ ಹೋಯಿತು. ಪ್ಯಾನೆಲ್‌ಗಳ ಕೆಲಸ ಪ್ರಾಣಿ ಆಚೆ ಬರದಂತೆ ತಡೆಯುವುದು. ಭಾರ ಹೊರುವ ಕೆಲಸಕ್ಕೆ ಬೇರೆ ಏನಾದರೂ ಬೇಕು. ಬಡಗಿಯನ್ನು ಕರೆಸಿದೆ. ಚೀಟಿಯಲ್ಲಿ ಬರೆದುಕೊಟ್ಟ ಅಳತೆಯನ್ನು ಎರಡು ಸಲ ಓದಿ ಆತ ಕೇಳಿದ, "ಅಕ್ಕಾ, ಇಲಿಗೆ ಯಾರಾದ್ರೂ ಅಟ್ಟ ಮಾಡಿಸ್ತಾರಾ?"

ಮಾಡಿಸಿದೆ. ಎರಡು ಇಂಚು ದಪ್ಪದ ಆರು ಕಾಲು: ನಾಲ್ಕು ಮೂಲೆಗೆ ನಾಲ್ಕು, ಉದ್ದದ ಎರಡು ಬದಿಯ ನಡುವೆ ಒಂದೊಂದು. ಅಡ್ಡಪಟ್ಟಿಗಳ ಮೇಲೆ 18 ಮಿಲಿಮೀಟರ್ ಪ್ಲೈವುಡ್, 57 ಇಂಚಿಗೆ 29. ಇಂಥ ಹಲಗೆ ಎರಡು. ಕೆಳಗಿನದು ನೆಲದಿಂದ ಆರು ಇಂಚು ಮೇಲೆ, ಮೇಲಿನದು 30 ಇಂಚು ಎತ್ತರದಲ್ಲಿ. ಎರಡರ ನಡುವೆ ಸುಮಾರು ಎರಡಡಿ. ಕೆಳಗಿನ ಗೂಡಿಗೆ 14 ಇಂಚಿನ ಗೋಡೆ ಸಾಕು, ಇಷ್ಟೊಂದು ಜಾಗ ಯಾಕೆ ಅಂತ ಬಡಗಿ ಕೇಳಿದ. ಕೆಳಗಿನ ಗೂಡಿನ ಹಿಂದಿನ ಮೂಲೆಗೆ ಕೈ ಹಾಕಿ ನೋಡಿದರೆ ಗೊತ್ತಾಗುತ್ತೆ. 28 ಇಂಚು ಆಳ, ತಲೆ ಮೇಲೆ ಹಲಗೆ. ತಲೆಯೂ ಭುಜವೂ ಒಳಗೆ ಹೋಗದಿದ್ದರೆ ಹಿಂದಿನ ಮೂಲೆಯ ಹಿಕ್ಕೆ ಅಲ್ಲೇ ಇರುತ್ತದೆ. ಅಡಗಿ ಕೂತ ಪ್ರಾಣಿಯನ್ನು ಹಿಡಿಯುವುದಂತೂ ದೂರದ ಮಾತು.

ಕೆಲಸ ಮುಗಿದ ಮೇಲೆ ಬಡಗಿ ತಾನೇ ಮೇಲಿನ ಹಲಗೆ ಮೇಲೆ ಕೂತು ಕಾಲು ಆಡಿಸಿ ತೋರಿಸಿದ. ಅಲ್ಲಾಡಲಿಲ್ಲ. ಆದರೂ ಗೋಡೆಗೆ ಎರಡು ಎಲ್ ಕ್ಲ್ಯಾಂಪ್ ಹೊಡೆಸಿದೆ. ಎತ್ತರದ್ದು ಯಾವುದೇ ಆಗಲಿ, ಮಕ್ಕಳು ಹಿಡಿದು ನೇತಾಡುತ್ತಾರೆ.

ಇನ್ನು ಪ್ಯಾನೆಲ್‌ಗಳು. ನೆಲಕ್ಕೆ ಒಂದೂ ಬೇಡವಾದ್ದರಿಂದ ಲೆಕ್ಕ ಸುಲಭವಾಯಿತು. ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು. ಒಂದು ಗೂಡಿಗೆ 12, ಎರಡಕ್ಕೆ 24. ಮೇಲಿನದಕ್ಕೆ ಮುಚ್ಚಳವಾಗಿ ಎಂಟು. ಉಳಿದದ್ದು ನಾಲ್ಕು. ಅದೇ ಕಿಟ್, ಅದೇ 36. ಮೂರು ಕಿರಿದಾದ ಮಹಡಿಯ ಬದಲು ಎರಡು ಪೂರ್ತಿ ಮಹಡಿ, ಒಂದೊಂದರಲ್ಲೂ ಹತ್ತೂವರೆ ಚದರ ಅಡಿಗಿಂತ ಸ್ವಲ್ಪ ಹೆಚ್ಚು. ಈ ಚಿತ್ರವನ್ನೇ ಪೆಟ್ಟಿಗೆ ಮೇಲೆ ಹಾಕಬಹುದಿತ್ತು ಅನ್ನಿಸಿತು.

ಗೋಡೆಯಾಗಿ ಈ ಪ್ಯಾನೆಲ್‌ಗಳು ಯಾಕೆ ಇಷ್ಟ ಅಂದರೆ ಜಾಲರಿಯ ಕಣ್ಣುಗಳ, ಅಂದರೆ ತೂತುಗಳ ಅಳತೆ. ಇದರಲ್ಲಿ ಒಂದು ಬದಿಗೆ ಒಂಬತ್ತು ಚೌಕ, ಒಂದೊಂದೂ ಸುಮಾರು ಒಂದೂವರೆ ಇಂಚು. ನೋಡಲು ಇಂಥದ್ದೇ ಅನ್ನಿಸುವ, ಒಂದು ಬದಿಗೆ ಐದೇ ಚೌಕ ಇರುವ ಪ್ಯಾನೆಲ್‌ಗಳೂ ಸಿಗುತ್ತವೆ. ಅದರ ಕಣ್ಣು ಎರಡೂವರೆ ಇಂಚು ದಾಟುತ್ತದೆ. ಬಟ್ಟೆ ಇಡುವ ಗೂಡಿಗೆ ಸರಿ. ಮರಿ ಇರುವ ಮನೆಗೆ ಖಂಡಿತ ಬೇಡ. ತಲೆ ಹೊರಗೆ ಬಂದು ಮೈ ಸಿಕ್ಕಿಕೊಂಡರೆ ಕುತ್ತಿಗೆಗೇ ಅಪಾಯ. ತೆಗೆದುಕೊಳ್ಳುವಾಗ ಫೋಟೋದಲ್ಲಿ ಚೌಕ ಎಣಿಸಿ. ನಾನು ಎಣಿಸಿರಲಿಲ್ಲ, ಅದೃಷ್ಟಕ್ಕೆ ಒಂಬತ್ತರದ್ದೇ ಬಂತು.

ಗೂಡಿನ ಮುಂಭಾಗದ ಪ್ಯಾನೆಲ್‌ಗಳೇ ಬಾಗಿಲು. ಎರಡೆರಡನ್ನು ಸೇರಿಸಿ, ಕೆಳ ಅಂಚಿಗೆ ಕೇಬಲ್ ಟೈ ಸಡಿಲವಾಗಿ ಹಾಕಿದರೆ ಅದೇ ತಿರುಗಣಿ. ಮೇಲ್ಗಡೆ ಕೀಚೈನ್‌ಗೆ ಹಾಕುವಂಥ ಸ್ಪ್ರಿಂಗ್ ಕೊಕ್ಕೆ. ಟೈ ಕತ್ತರಿಸಿದ ತುದಿ ಬ್ಲೇಡಿನಂತಿರುತ್ತದೆ, ಅದನ್ನು ಹೊರಗೆ ತಿರುಗಿಸಿ. ಒಳಗಿದ್ದರೆ ಇವು ಅಗಿಯಲು ಶುರು ಮಾಡುತ್ತವೆ. ಮನೆಯಲ್ಲಿ ಬೆಕ್ಕಿದ್ದರೆ ಕೆಳಗಿನ ಗೂಡಿನ ಮೇಲಿರುವ ಹತ್ತು ಇಂಚು ಸಂದಿಗೂ ಜಾಲರಿ ಹಾಕಬೇಕು. ನಮ್ಮಲ್ಲಿಲ್ಲ.

ಕಿಟ್‌ನ ಮ್ಯಾಟ್ ಬಗ್ಗೆ ಹೇಳಲು ಏನಿಲ್ಲ, ಎಸೆದೆ. ತಂತಿಯ ನೆಲದ ಮೇಲೆ ಅಷ್ಟು ತೆಳ್ಳಗಿನದು ಹಾಸಿದರೆ ಅಂಗಾಲಿಗೆ ತಂತಿ ಒತ್ತಿ ಒತ್ತಿ ಹುಣ್ಣಾಗುತ್ತದೆ. ಅದರ ಬದಲು ಬೋರ್ಡು ಬರೆಯುವವರು ಬಳಸುವ, ಒಳಗೆ ಟೊಳ್ಳು ಗೆರೆಗಳಿರುವ ಪ್ಲಾಸ್ಟಿಕ್ ಶೀಟ್ ತಂದೆ. ಎಂಟಡಿಗೆ ನಾಲ್ಕಡಿಯದ್ದು, ಗೂಡಿಗೊಂದು. ಅಂಚಿನಿಂದ ಅಳೆದು ಗೆರೆ ಹಾಕಿ, ಮೇಲಿನ ಪದರ ಮಾತ್ರ ಕೊಯ್ಯಬೇಕು. ಕೊಯ್ದ ಗೆರೆ ಹೊರಮೈಗೆ ಬರುವಂತೆ ಮಡಿಚಿದರೆ ಟ್ರೇ ತಾನಾಗಿಯೇ ಎದ್ದು ನಿಲ್ಲುತ್ತದೆ. ಕೆಳಗಿನದಕ್ಕೆ ಆರು ಇಂಚಿನ ಅಂಚು, ಮೇಲಿನದಕ್ಕೆ ಎಂಟು. ಮೇಲಿನ ಅಂಚು ಗಿಡ್ಡವಿದ್ದರೆ ಕೆಳಮನೆಯವರ ಮೇಲೆ ಹುಲ್ಲು, ಹಿಕ್ಕೆ ಎಲ್ಲ ಸುರಿಯುತ್ತೆ. ಬಾಗಿಲು ತೆಗೆದಾಗ ಹೊರಗೆ ಉರುಳದಂತೆ ತಡೆಯುವುದೂ ಈ ಅಂಚೇ.

ಮೇಲಿನ ಟ್ರೇಯ ಮೂಲೆಗಳನ್ನು ಕತ್ತರಿಸಿ ಮಡಿಚುವಾಗ ನಾನು ಒಂದು ತಪ್ಪು ಮಾಡಿದೆ. ಒಂದು ಮೂಲೆಯಲ್ಲಿ ಕತ್ತರಿ ಜಾರಿ, ಕೊಯ್ತ ಅರ್ಧ ಇಂಚು ನೆಲದೊಳಕ್ಕೆ ಬಂತು. ಟೇಪ್ ಹಚ್ಚಿ ಸುಮ್ಮನಾದೆ. ವಾರದ ಮೇಲೆ ಒಂದು ಸಂಜೆ ಚುಕ್ಕಿಯ ಬೆನ್ನ ಮೇಲೆ ಹನಿಯೊಂದು ಬಿತ್ತು. ಅದು ಮೈ ಕೊಡವಿ ಜಾಗ ಬದಲಿಸಿತು. ಮತ್ತೊಂದು ಹನಿ. ಬಾಟಲಿ ಸೋರುತ್ತಿದೆ ಅಂದುಕೊಂಡು ಮುಟ್ಟಿ ಮೂಸಿದೆ. ಬಾಟಲಿ ಅಲ್ಲ. ಗುಂಡ ಅದೇ ಮೂಲೆಯನ್ನು ತನ್ನದು ಮಾಡಿಕೊಂಡಿದ್ದ. ಹೊಸ ಶೀಟ್ ತಂದು ಮತ್ತೆ ಮಡಿಚಿದೆ. ಪ್ಲೈವುಡ್ ಅಷ್ಟರಲ್ಲಿ ಕುಡಿದುಬಿಟ್ಟಿತ್ತು, ಒಣಗಿಸಿ ಉಜ್ಜಿ ವಾರ್ನಿಷ್ ಹೊಡೆಸಬೇಕಾಯಿತು. ವಾಸನೆ ಪೂರ್ತಿ ಹೋಗುವವರೆಗೆ ಗುಂಡ ನಾಲ್ಕು ದಿನ ಬಚ್ಚಲಿನ ಪಕ್ಕದಲ್ಲಿದ್ದ. ಮರ ತಂದ ದಿನವೇ ವಾರ್ನಿಷ್ ಹೊಡೆಸಿ. ಟ್ರೇ ಮೇಲೆ ಕೂರುವ ಬಿಳಿ ಕಲೆಗೆ ವಿನೆಗರ್ ಸಾಕು. ಅದು ಮೂತ್ರದಲ್ಲಿನ ಕ್ಯಾಲ್ಸಿಯಂ.

ಮರಿಗಳು ಹುಟ್ಟಿದ್ದು ಹೊಸ ಗೂಡಿಗೆ ಹೋದ ಆರನೇ ದಿನ. ಎರಡು. ಅಡುಗೆಮನೆಯ ತಕ್ಕಡಿಯಲ್ಲಿ 88 ಗ್ರಾಂ, 94 ಗ್ರಾಂ. ಮೈತುಂಬ ಕೂದಲು, ತೆರೆದ ಕಣ್ಣು. ಒಂದು ಗಂಟೆಯಲ್ಲಿ ಓಡಾಟ ಶುರು. ಒಂದು ನೇರವಾಗಿ ಅಂಚಿನ ಹತ್ತಿರ ಹೋಗಿ ಮೂತಿ ಎತ್ತಿ ನಿಂತಿತು. ಆರು ಇಂಚಿನ ಪ್ಲಾಸ್ಟಿಕ್ ಗೋಡೆ ಅದರ ತಲೆಗಿಂತ ಎಷ್ಟೋ ಮೇಲಿತ್ತು. ತಂತಿಯ ಕಣ್ಣಿನವರೆಗೆ ಅದು ಮುಟ್ಟುವಂತೆಯೇ ಇರಲಿಲ್ಲ. ಒಂದು ಗಂಡು, ಒಂದು ಹೆಣ್ಣು. ಗಂಡು ಮರಿಯನ್ನು 21ನೇ ದಿನ ಅಪ್ಪನ ಜೊತೆ ಮೇಲಕ್ಕೆ ಕಳಿಸಿದೆವು. ಮೂರು ವಾರಕ್ಕೇ ಗಂಡು ಮರಿ ತಾಯಿಯನ್ನೂ ತಂಗಿಯನ್ನೂ ಬಿಡಲ್ಲ ಅಂತ ಡಾಕ್ಟರು ಎಚ್ಚರಿಸಿದ್ದರು. ಅಪ್ಪ-ಮಗನಿಗೆ ಮೊದಮೊದಲು ಜಗಳ. ಕೆಳಗಿನ ಹೆಣ್ಣುಗಳ ವಾಸನೆ ಬಂದಾಗಲೆಲ್ಲ ಗುಂಡ ಗುರ್ರ್ ಅನ್ನುತ್ತಾ ಸೊಂಟ ಕುಣಿಸುತ್ತಾ ಮಗನ ಸುತ್ತ ಸುತ್ತುತ್ತಿದ್ದ. ಉಳಿದ ನಾಲ್ಕರಲ್ಲಿ ಎರಡು ಪ್ಯಾನೆಲ್ ಅಡ್ಡ ಇಟ್ಟು ಮೂರು ದಿನ ಪಾಲು ಮಾಡಿಕೊಟ್ಟೆ. ಈಗ ಒಂದೇ ಮನೆಯಲ್ಲಿ, ಎರಡು ಬಾಗಿಲಲ್ಲಿ ಮಲಗುತ್ತಾರೆ.

ಮಹಡಿ ಗೂಡಿನ ನಿಜವಾದ ತೊಂದರೆ ಮರದಲ್ಲೂ ಇಲ್ಲ, ತಂತಿಯಲ್ಲೂ ಇಲ್ಲ. ಮೇಲಿನದು ಕಣ್ಣಿಗೆ ಬೀಳುತ್ತದೆ, ಕೆಳಗಿನದು ಬೀಳಲ್ಲ. ಓಡಾಡುವಾಗ ಗುಂಡನ ತಲೆ ಸವರುತ್ತೇನೆ, ಮಗಳೂ ಸವರುತ್ತಾಳೆ. ಚುಕ್ಕಿಯನ್ನು ಮಾತಾಡಿಸಬೇಕಾದರೆ ಮಂಡಿಯೂರಬೇಕು. ಕೆಳಗೆ ಬೆಳಕೂ ಕಡಿಮೆ. ಹೋದ ಮಳೆಗಾಲದಲ್ಲಿ ಚುಕ್ಕಿ ತಿನ್ನುವುದು ನಿಧಾನವಾಗಿದ್ದು ನನಗೆ ಗೊತ್ತೇ ಆಗಲಿಲ್ಲ. ಹಾಕಿದ ಹುಲ್ಲನ್ನು ಅದರ ಹೆಣ್ಣು ಮರಿ ತಿಂದು ಮುಗಿಸುತ್ತಿತ್ತು, ಹಾಗಾಗಿ ತಟ್ಟೆ ಖಾಲಿ. ವಾರದ ತೂಕದ ದಿನ ನೋಡಿದರೆ 80 ಗ್ರಾಂ ಇಳಿದಿತ್ತು. ಕಾಯಿಲೆ ಬಂದರೆ ತೋರಿಸಿಕೊಳ್ಳುವ ಪ್ರಾಣಿಗಳಲ್ಲ ಇವು. ಒಂದು ದಿನ ತಿನ್ನದಿದ್ದರೂ ಹೊಟ್ಟೆಯ ಕೆಲಸ ನಿಂತು ಜೀವಕ್ಕೇ ಬರುತ್ತೆ. ಹಿಂದಿನ ಹಲ್ಲು ಉದ್ದವಾಗಿ ಬೆಳೆದು ನಾಲಿಗೆಗೆ ತಾಗುತ್ತಿತ್ತು. ತೇಯಿಸಿಕೊಂಡು ಬಂದ ಮೇಲೆ ಎರಡು ವಾರದಲ್ಲಿ ತೂಕ ಮರಳಿತು.

ಅದಾದ ಮೇಲೆ ಒಂದು ಗಿಡ್ಡ ಮಣೆ ಗೂಡಿನ ಮುಂದೆ ಕಾಯಂ ಆಯಿತು. ಬೆಳಗ್ಗೆ ಅದರ ಮೇಲೆ ಕೂತು ಕೆಳಗಿನವರಿಗೆ ಮೊದಲು ಹಾಕುತ್ತೇನೆ, ತಿನ್ನುವುದನ್ನು ನೋಡಿ ಏಳುತ್ತೇನೆ. ಮೇಲಿನ ಹಲಗೆಯ ಅಡಿಗೆ ಒಂದು ಪಟ್ಟಿ ದೀಪವೂ ಬಂದಿದೆ. ಅದರ ವೈರ್ ಹಿಂದಿನ ಕಾಲಿಗೆ ಅಂಟಿಕೊಂಡು ಹೊರಗಿನಿಂದ ಹೋಗುತ್ತದೆ, ಹಲ್ಲಿಗೆ ಎಟುಕಲ್ಲ.

ಕೊಳ್ಳಬೇಕಾ? ಒಂದೇ ಗೂಡು, ನೆಲದ ಮೇಲೇ ಇಡುತ್ತೀರಿ ಅಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಮಹಡಿ ಕಟ್ಟುತ್ತೀರಿ ಅಂದರೆ ಮೊದಲು ಬಡಗಿಯನ್ನು ಹುಡುಕಿ, ಅಥವಾ ಮನೆಯಲ್ಲಿ ಗಟ್ಟಿಯಾದ ಹಳೇ ಮೇಜಿದ್ದರೆ ಅದರ ಮೇಲೊಂದು, ಕೆಳಗೊಂದು ಮಾಡಿ. ಕಿಟ್ ಆಮೇಲೆ. ಬಾಡಿಗೆ ಮನೆಯವರು ಗೋಡೆಗೆ ಕ್ಲ್ಯಾಂಪ್ ಹೊಡೆಯಲು ಮಾಲೀಕರನ್ನು ಕೇಳಬೇಕಾಗುತ್ತದೆ, ಅದೂ ನೆನಪಿರಲಿ. ಕನೆಕ್ಟರ್‌ಗಳು ಎರಡು ಮೂರು ತಿಂಗಳಿಗೊಂದರಂತೆ ಬಿರುಕು ಬಿಡುತ್ತಿವೆ, ಜಾಸ್ತಿಯಾಗಿ ಬಾಗಿಲ ಪಕ್ಕದವು. ಕಳಿಸಿದ್ದ ಹತ್ತರಲ್ಲಿ ಇನ್ನು ನಾಲ್ಕು ಉಳಿದಿವೆ.